ಮೂಗಿಲ್ಲದವನ ಖಾರದ ಭರಣಿ

ಮೊನ್ನೆ ಹೆಬ್ಬಾಳದ ಕಡೆಯ ಮಾಲೊಂದರಲ್ಲಿ ನನ್ನ ಹೆಂಡತಿ ರತ್ನ ಚಪ್ಪಲಿ ಆರಿಸುತ್ತಿದ್ದಳು. ಹೆಂಗಸರು ಚಪ್ಪಲಿ ಆರಿಸುವಾಗ ಗಂಡಸರು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಮಾಲಿನವರು ಏನೂ ಏರ್ಪಾಡು ಮಾಡಿರುವುದಿಲ್ಲ. ಹಾಗಾಗಿ ದಾರಿಯಲ್ಲೇ ನಿಂತಿದ್ದೆ. ಸೆಂಟು ಮಾರುವ ಹುಡುಗಿಯೊಬ್ಬಳು ಬಂದು, ಬಿಳಿಯ ಕಾಗದದ ಪಟ್ಟಿಗೆ ಪುಸ್ ಎಂದು ಏನನ್ನೋ ಹೊಡೆದು, ನನ್ನ ಮೂಗಿನ ಕೆಳಗೆ ಹಿಡಿದು ಹೇಗಿದೆ ಸರ್ ಎಂದಳು. ಪಾಪ, ಬೆಳಗಿನಿಂದ ನಿಂತೇ ಇದ್ದ ಹುಡುಗಿ. ನಾನು ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು, ಬಲ್ಲವನ ಹಾಗೆ ತಲೆಯಾಡಿಸಿ, "ಚೆನ್ನಾಗಿದೆಯಮ್ಮ, ಸ್ವಲ್ಪ ಖಾರ ಸಾಲದು" ಎಂದೆ. ಅವಳು ಪಟ್ಟಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಆಮೇಲೆ ಬೇರೆ ಗಿರಾಕಿಯ ಕಡೆ ಹೋದಳು.

ಅವಳನ್ನು ಗೇಲಿ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ. ನನಗೆ ವಾಸನೆ ತಿಳಿಯುವುದಿಲ್ಲ. ನೆಗಡಿ ಬಂದಾಗ ನಿಮಗೂ ತಿಳಿಯುವುದಿಲ್ಲವಲ್ಲ, ಅದು ನನಗೆ ವರ್ಷಪೂರ್ತಿ. ಮೂಗು ಇದ್ದಲ್ಲೇ ಇದೆ. ಕನ್ನಡದಲ್ಲಿ ಮೂಗಿಗೆ ಹೇಳಿರುವ ಉಳಿದ ಕೆಲಸಗಳನ್ನೆಲ್ಲ ನಿಯತ್ತಾಗಿ ಮಾಡುತ್ತದೆ. ಪರರ ವಿಷಯದಲ್ಲಿ ತೂರುತ್ತದೆ, ಬೇಡದ್ದನ್ನು ಕಂಡರೆ ಮುರಿಯುತ್ತದೆ, ಸಿಟ್ಟನ್ನು ತುದಿಯಲ್ಲೇ ಇಟ್ಟುಕೊಂಡಿರುತ್ತದೆ, ಜೊತೆಗೆ ಕನ್ನಡಕವನ್ನೂ ಹೊರುತ್ತದೆ. ಅದರ ಹುಟ್ಟುಗಸುಬು ಮಾತ್ರ ಹತ್ತು ವರ್ಷದ ಹಿಂದೆ ಹೋಯಿತು. ಅಂದಿನಿಂದ ಊಟದಲ್ಲಿ ನನಗೆ ಸರಿಯಾಗಿ ತಲುಪುವ ಸಂಗತಿ ಖಾರ ಒಂದೇ. ಆದ್ದರಿಂದ ಯಾರು ಏನು ಮೂಸಲು ಕೊಟ್ಟರೂ ನಾನು ಖಾರದ ಲೆಕ್ಕದಲ್ಲೇ ಉತ್ತರ ಹೇಳುವುದು.

ಅದು ಹೋದ ಕತೆ ಹೇಳಲು ಸ್ವಲ್ಪ ಸಂಕೋಚ, ಏಕೆಂದರೆ ಅದರಲ್ಲಿ ಒಂದು ಕಮೋಡಿನ ಮುಚ್ಚಳ ಬರುತ್ತದೆ. ಕೆಂಪಾಪುರದಲ್ಲಿ ನನ್ನದೊಂದು ಸ್ಯಾನಿಟರಿ ಅಂಗಡಿ. ನಲ್ಲಿ, ಪೈಪು, ವಾಷ್ ಬೇಸಿನ್ನು, ಕಮೋಡು. ಏರ್‌ಪೋರ್ಟು ದೇವನಹಳ್ಳಿ ಕಡೆಗೆ ಹೋದ ಹೊಸದು. ನಮ್ಮ ಕಡೆ ಜಾಗ ಇದ್ದವರೆಲ್ಲ ಮನೆ ಕಟ್ಟಿಸುತ್ತಿದ್ದರು, ಮನೆ ಇದ್ದವರೆಲ್ಲ ಅದರ ಮೇಲೆ ಇನ್ನೊಂದು ಮನೆ ಕಟ್ಟಿಸುತ್ತಿದ್ದರು. ಅಂಥವರೊಬ್ಬರ ಗೃಹಪ್ರವೇಶಕ್ಕೆ ಮುಂಚೆ ಮುಚ್ಚಳ ಮುಟ್ಟಿಸಬೇಕೆಂದು ಯಲಹಂಕದ ಕಡೆ ಸ್ಕೂಟರಿನಲ್ಲಿ ಹೊರಟಿದ್ದೆ. ಮುಚ್ಚಳವನ್ನು ಜೋಪಾನವಾಗಿ ಹಗ್ಗದಿಂದ ಬಿಗಿದಿದ್ದೆ, ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿದಿರಲಿಲ್ಲ. ನಾಯಿ ಅಡ್ಡ ಬಂತು, ಹಿಂದಕ್ಕೆ ಬಿದ್ದೆ, ಹೆಲ್ಮೆಟ್ಟು ಹಾರಿತು, ಹಿಂದಲೆ ರಸ್ತೆಗೆ ಬಡಿಯಿತು. ಮುಚ್ಚಳಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನೋಡಲು ಬಂದ ನಾಲ್ಕು ಜನ ಅದನ್ನು ತಿರುಗಿಸಿ ನೋಡಿ ಒಳ್ಳೇ ಕಂಪನಿ ಮಾಲು ಎಂದು ಹೊಗಳಿದರು.

ಆಸ್ಪತ್ರೆಯಿಂದ ತಲೆಗೆ ಬಟ್ಟೆ ಸುತ್ತಿಸಿಕೊಂಡು ಮನೆಗೆ ಬಂದೆ. ರತ್ನ ಆಗ ತುಂಬು ಬಸುರಿ. ಚಿಕ್ಕಜಾಲದಲ್ಲಿ ನಮ್ಮಣ್ಣನ ಜೊತೆ ಇರುವ ಅಮ್ಮ ಸುದ್ದಿ ಕೇಳಿ ಓಡಿಬಂದಳು. ಬಂದವಳು ಡಾಕ್ಟರು ಏನು ಹೇಳಿದರು ಎಂದು ಕೇಳಲೇ ಇಲ್ಲ. ಅವಳ ಪ್ರಕಾರ ಇದು ತಲೆಯ ಸಮಸ್ಯೆಯೇ ಅಲ್ಲ, ದೃಷ್ಟಿಯ ಸಮಸ್ಯೆ. ಸ್ವಂತ ಅಂಗಡಿ, ಸ್ವಂತ ಮನೆ, ಬಸುರಿ ಹೆಂಡತಿ, ಇಷ್ಟೂ ಒಟ್ಟಿಗೆ ಕಂಡರೆ ಯಾರ ಕಣ್ಣು ತಾನೇ ಸುಮ್ಮನಿರುತ್ತದೆ?

ದೃಷ್ಟಿ ತೆಗೆಯುವುದು ನೀವು ನೋಡಿರುತ್ತೀರಿ. ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ ಹಿಡಿದು ತಲೆಯಿಂದ ಪಾದದವರೆಗೆ ಇಳಿಸಿ ಕೆಂಡಕ್ಕೆ ಹಾಕುವುದು. ಆಮೇಲೆ ಪರೀಕ್ಷೆ. ಮೆಣಸಿನಕಾಯಿ ಘಾಟು ಎದ್ದು ಕೆಮ್ಮು ಬಂದರೆ ದೃಷ್ಟಿ ಇರಲಿಲ್ಲ ಎಂದರ್ಥ. ಘಾಟೇ ಬರಲಿಲ್ಲವೋ, ದೃಷ್ಟಿ ಭಾರಿಯಾಗಿಯೇ ಬಿದ್ದಿತ್ತು. ಅಮ್ಮ ನನ್ನನ್ನು ಹೊಸ್ತಿಲ ಒಳಗೆ ಕುರ್ಚಿ ಹಾಕಿ ಕೂರಿಸಿ, ಅಂಗಳದ ಕೆಂಡಕ್ಕೆ ಮೆಣಸಿನಕಾಯಿ ಹಾಕಿ, ಘಾಟು ಬಂತೇನ್ಲಾ ಎಂದು ಕೇಳಿದಳು. ಇಲ್ಲಮ್ಮ ಎಂದೆ. ಬಂದಿರಲಿಲ್ಲ, ಅದಕ್ಕೆ ಇಲ್ಲ ಎಂದೆ. ಗಾಳಿ ಹೊಗೆಯನ್ನು ಅಡುಗೆಮನೆ ಕಿಟಕಿಗೆ ಒಯ್ಯುತ್ತಿತ್ತು, ಒಳಗೆ ರತ್ನ ಖೊಕ್ ಖೊಕ್ ಎಂದು ಕೆಮ್ಮುತ್ತಿದ್ದಳು.

"ಅವ್ಳಿಗೆ ಬಂದ್ರೆ ಏನಂತೆ? ದಿಷ್ಟಿ ಆಗಿರಾದು ಇವನ್ಗೆ," ಎಂದಳು ಅಮ್ಮ.

ಮಾರನೆಯ ಸಂಜೆ ಮತ್ತೆ. ಅದರ ಮಾರನೆಯ ಸಂಜೆ ಮೆಣಸಿನಕಾಯಿ ಜಾಸ್ತಿ. ದಿನ ಕಳೆದಂತೆ ನನ್ನ ಮೇಲೆ ಕಣ್ಣು ಹಾಕಿದವರ ಪಟ್ಟಿ ಬೆಳೆಯಿತು. ದೂರದ ನೆಂಟರು, ಎದುರಂಗಡಿಯವರು, ಕೊನೆಗೆ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ಮಲಗಿದ್ದ ಬಡಪಾಯಿಯನ್ನೂ ಅಮ್ಮ ಬಿಡಲಿಲ್ಲ. ನಾನಂತೂ ಪ್ರತಿ ಸಲ ಪ್ರಾಮಾಣಿಕವಾಗಿ ಇಲ್ಲ ಎನ್ನುತ್ತಿದ್ದೆ. ಒಂದು ಸಂಜೆ ಅಮ್ಮನಿಗೆ ರೋಷ ಬಂದು ಕೆಂಡದ ಬಾಂಡಲಿಯನ್ನು ಹಜಾರಕ್ಕೇ ತಂದು, ಕಿಟಕಿ ಮುಚ್ಚಿ, ಬೊಗಸೆ ತುಂಬ ಸುರಿದಳು. ಪಕ್ಕದ ಮನೆಯ ನಂಜುಂಡಪ್ಪನವರು ತಮ್ಮ ಮನೆಯೊಳಗಿಂದ ಕೆಮ್ಮಿದ್ದು ನಮಗೆ ಕೇಳಿಸಿತು. ನನಗೂ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಗಂಟಲು ಉರಿಯಿತು. ಅಮ್ಮನ ಮುಖ ಅರಳಿತು. ಆಗ ನಾನು ಉಸಿರು ಹಿಡಿದು, ನನಗೇ ಆಶ್ಚರ್ಯವಾಗಿ ಹೇಳಿದೆ: "ಅಮ್ಮ, ಕೆಮ್ಮು ಬಂತು. ವಾಸನೆ ಬರ್ಲಿಲ್ಲ."

ಅಮ್ಮನಿಗೆ ಅದು ಅರ್ಥವಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಸೆರಗು ಮೂಗಿಗಿಟ್ಟುಕೊಂಡು ನಿಂತಿದ್ದ ರತ್ನನಿಗೆ ಅರ್ಥವಾಯಿತು. ಅವಳು ಒಳಗೆ ಹೋಗಿ ಕಾಫಿಪುಡಿ ಡಬ್ಬಿ ತಂದು ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು. ಆಮೇಲೆ ಇಂಗಿನ ಡಬ್ಬಿ. ಆಮೇಲೆ ದೇವರ ಮುಂದಿನ ಮಲ್ಲಿಗೆ. ನಾನು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತ ಹೋದೆ. ಮಲ್ಲಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಅವಳು ನೆಲದ ಮೇಲೆ ಕೂತಳು. ಹೀಗೆ ನನ್ನ ಮೂಗು ಹೋಗಿದೆ ಎಂಬುದನ್ನು ಪತ್ತೆ ಮಾಡಿದ್ದು ಯಾವ ಯಂತ್ರವೂ ಅಲ್ಲ, ನಮ್ಮಮ್ಮನ ಮೆಣಸಿನಕಾಯಿ.

ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು. ತಲೆ ಬಡಿದಾಗ ಮೂಗಿನ ಸಣ್ಣ ನರಗಳು ಹರಿದಿರಬಹುದು. ಒಂದೆರಡು ವರ್ಷದಲ್ಲಿ ತಾನಾಗಿ ಬರಬಹುದು, ಬರದೆಯೂ ಇರಬಹುದು. ಮತ್ತೆ ಘಾಟು ಹೇಗೆ ತಿಳಿಯಿತು ಎಂದು ಕೇಳಿದೆ. ಉರಿಯ ಸುದ್ದಿ ಒಯ್ಯುವ ನರವೇ ಬೇರೆ ಎಂದರು. ನನಗೆ ತಕ್ಷಣ ತಿಳಿಯಿತು. ಹೆಬ್ಬಾಳದ ಫ್ಲೈಓವರು ಜಾಮಾದರೆ ನಾವು ಕೆಂಪಾಪುರದ ಒಳರಸ್ತೆ ಹಿಡಿಯುವುದಿಲ್ಲವೆ, ಹಾಗೆ. ದೊಡ್ಡ ರಸ್ತೆ ಬಂದ್ ಆಗಿತ್ತು, ಒಳದಾರಿ ಒಂದು ಉಳಿದಿತ್ತು. ನೆಗಡಿಗೆ ಮೂಗು ಕಟ್ಟಿದಾಗ ಮೆಣಸಿನ ಸಾರು ಕುಡಿದರೆ ಬಿಡುತ್ತದೆ ಎಂಬುದು ಚಿಕ್ಕಂದಿನಿಂದ ಕಂಡದ್ದು. ಹಾಗಾದರೆ ಖಾರವನ್ನು ಬಲವಾಗಿ, ಬಿಡದೆ, ದಿನಾ ಕಳಿಸುತ್ತಿದ್ದರೆ ಇದೂ ಒಂದು ದಿನ ಬಿಟ್ಟೀತು. ನರಕ್ಕೂ ನೆಗಡಿಗೂ ವ್ಯತ್ಯಾಸ ಇದೆ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಪೈಪಿನ ವ್ಯಾಪಾರದವನು ನಾನು, ಕಟ್ಟಿಕೊಂಡದ್ದು ಎಲ್ಲವೂ ಬಿಡಿಸಿದರೆ ಬಿಡುತ್ತದೆ ಎಂದೇ ನಂಬಿದವನು.

ವಾಸನೆ ಹೋದರೆ ರುಚಿಯೂ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುದ್ದೆ ಮೆತ್ತಗಿತ್ತು, ಸಾರು ಬಿಸಿಯಾಗಿತ್ತು, ಅಷ್ಟೇ. ಕಾಫಿ ಕಹಿನೀರು. ಆ ಚಳಿಗಾಲ ಅವರೆಕಾಯಿ ಬಂದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ನಾವು ಚಿಕ್ಕಜಾಲದ ಮಕ್ಕಳು ಅವರೆಕಾಯಿಯ ಸೊಗಡಿನಲ್ಲೇ ಬೆಳೆದವರು. ಬೆಳಗಿನ ಮಂಜಿನಲ್ಲಿ ಹೊಲಕ್ಕೆ ಹೋಗಿ ಕಾಯಿ ಕಿತ್ತರೆ ಅದರ ಅಂಟು ಬೆರಳಿಗೆಲ್ಲ ಹತ್ತುತ್ತಿತ್ತು. ಆ ಬೆರಳನ್ನು ತೊಳೆಯದೆ ಸ್ಕೂಲಿಗೆ ಹೋಗಿ, ಲೆಕ್ಕದ ಮೇಷ್ಟ್ರು ಪಾಠ ಮಾಡುವಾಗ ಮೂಸುತ್ತ ಕೂರುತ್ತಿದ್ದೆವು. ಮೂಗಿನಲ್ಲಿ ಬೆರಳಿಟ್ಟಿದ್ದೇನೆ ಎಂದುಕೊಂಡು ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಬೆಂಚಿನ ಮೇಲೆ ನಿಂತೂ ಮೂಸಿದ್ದೆ.

ಈಗ ಒಂದು ಮೊರ ಅವರೆಕಾಯಿ ಮುಂದಿಟ್ಟುಕೊಂಡು ಒಂದೊಂದನ್ನೇ ಉಜ್ಜಿ ಮೂಗಿಗೆ ಹಿಡಿದೆ. ಹಸಿರು ಕಾಯಿ, ತಣ್ಣಗಿತ್ತು. ಇನ್ನೂ ಒಂದು ಸಂಗತಿ ಇದೆ, ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಸ್ವಲ್ಪ ದಿನಕ್ಕೆ ವಾಸನೆಯ ನೆನಪೂ ಹೊರಟುಹೋಗುತ್ತದೆ. ಮಣ್ಣಿನ ಮೇಲೆ ಮೊದಲ ಮಳೆ, ಹುರಿದ ರಾಗಿ, ಅಪ್ಪನ ಬೀಡಿ, ತೋಟದಲ್ಲಿ ಮಾಗಿದ ದ್ರಾಕ್ಷಿ, ಎಲ್ಲದರ ಹೆಸರು ನೆನಪಿದೆ, ಅವು ಚೆನ್ನಾಗಿದ್ದವು ಎಂಬುದು ನೆನಪಿದೆ. ಹೇಗಿದ್ದವು ಎಂದು ಹುಡುಕಿದರೆ ಸಿಗುವುದಿಲ್ಲ.

ಇದೆಲ್ಲ ಹೋದರೆ ಹೋಗಲಿ ಎಂದು ಇದ್ದುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಮಗಳು ಹುಟ್ಟಿದಳು.

ನಾಗಸಂದ್ರದಲ್ಲಿ ರತ್ನನ ತವರು. ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ನಾನು ಹೋದಾಗ ಕೋಣೆಯ ತುಂಬ ಹೆಂಗಸರು. ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೈಯಿಂದ ಕೈಗೆ ಕೊಡುತ್ತಿದ್ದರು. ಪ್ರತಿಯೊಬ್ಬಳೂ ಮಗುವಿನ ನೆತ್ತಿಗೆ ಮೂಗು ಒತ್ತಿ, ಉದ್ದಕ್ಕೆ ಎಳೆದುಕೊಂಡು, ಹಸುಗೂಸಿನ ವಾಸನೆಯೇ ವಾಸನೆ ಕಣ್ರೀ, ದೇವಲೋಕ, ಎನ್ನುವುದು. ಮಗು ನನ್ನ ಕೈಗೆ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನೂ ನೆತ್ತಿಗೆ ಮೂಗು ಒತ್ತಿದೆ. ಬೆಚ್ಚಗಿತ್ತು. ಕೂದಲು ಮೂಗಿನ ತುದಿಗೆ ಕಚಗುಳಿ ಇಟ್ಟಿತು. ಎಷ್ಟು ಎಳೆದುಕೊಂಡರೂ ಬರಿಯ ಗಾಳಿ. ಆಹಾ ಎಂದೆ. ಎಲ್ಲರೂ ನಕ್ಕರು. ಮಂಚದ ಮೇಲಿದ್ದ ರತ್ನ ನಗಲಿಲ್ಲ.

ಜನ ಕರಗಿದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ನನ್ನ ಮುಂದೆ ಆಹಾ ಅನ್ಬೇಡಿ," ಎಂದಳು. "ಬರುತ್ತೆ. ಒಂದಿನ ನಿಜವಾಗ್ಲೂ ಬರುತ್ತೆ. ಅವತ್ತು ಅನ್ನಿ."

ಅಂದಿನಿಂದ ನನಗೆ ಬೇಕಾಗಿದ್ದು ಅದೊಂದೇ. ಸೊಗಡು ಬೇಡ, ಕಾಫಿ ಬೇಡ, ಮಲ್ಲಿಗೆ ಬೇಡ. ಮಗಳ ವಾಸನೆ ಒಂದು ಸಲ ತಿಳಿಯಬೇಕು. ಮೂಗಿಗೆ ಸಿಗದವಳು ಕಿವಿಗಾದರೂ ಸಿಗಲಿ ಎಂದು ಇಂಚರ ಎಂದು ಹೆಸರಿಟ್ಟೆ. ಅವಳು ಹೆಸರಿಗೆ ತಕ್ಕಂತೆ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.

ರತ್ನ ಬಾಣಂತನದಲ್ಲಿದ್ದಾಗಲೇ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಅಸೆನ್ಲಾ ಬಂದದ್ದು. ನಾಗಾಲ್ಯಾಂಡಿನ ಹುಡುಗಿ, ಆರ್.ಟಿ. ನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ನಮ್ಮ ಬೀದಿಯಲ್ಲಿ ಅವಳಿಗೆ ಯಾರೂ ಮನೆ ಕೊಟ್ಟಿರಲಿಲ್ಲ. ಒಣಮೀನು ಬೇಯಿಸುತ್ತಾಳೆ, ಏನೋ ಹುಳಿಬರಿಸಿದ ಕಾಳು ಬೇಯಿಸುತ್ತಾಳೆ, ವಾಸನೆ ತಡೆಯಲಾಗುವುದಿಲ್ಲ ಎಂಬುದು ಎಲ್ಲರ ತಕರಾರು. ನಾನು ಮರುಮಾತಿಲ್ಲದೆ ಕೀಲಿ ಕೊಟ್ಟೆ. ಪರವಾಗಿಲ್ಲ, ದೊಡ್ಡ ಮನಸ್ಸಿನವನು, ಎಂದು ನನ್ನ ಹೆಸರು ಬೀದಿಯಲ್ಲಿ ಸ್ವಲ್ಪ ಮೇಲೇರಿತು. ಮಗುವನ್ನೆತ್ತಿಕೊಂಡು ವಾಪಸು ಬಂದ ರತ್ನ ಗೇಟಿನಲ್ಲೇ ನಿಂತು ಮೂಗು ಮುಚ್ಚಿಕೊಂಡಾಗ ನನ್ನ ದೊಡ್ಡ ಮನಸ್ಸಿನ ಗುಟ್ಟು ರಟ್ಟಾಯಿತು. ಆದರೆ ಇಂಚರ ಅಸೆನ್ಲಾಳ ಕೈಗೆ ಹೋದರೆ ಅಳು ನಿಲ್ಲಿಸುತ್ತಿದ್ದಳು. ಬಾಣಂತಿಗೆ ಅದಕ್ಕಿಂತ ಹೆಚ್ಚಿನ ಸರ್ಟಿಫಿಕೇಟು ಬೇಕಿರಲಿಲ್ಲ.

ಅಸೆನ್ಲಾ ಒಂದು ಭಾನುವಾರ ಊರಿನಿಂದ ಬಂದ ಪೊಟ್ಟಣ ಬಿಚ್ಚಿ ನನಗೊಂದು ಮೆಣಸಿನಕಾಯಿ ಕೊಟ್ಟಳು. ಹೆಬ್ಬೆರಳಿನಷ್ಟು, ಕೆಂಪಗೆ, ಮುದುಕಿಯ ಕೆನ್ನೆಯ ಹಾಗೆ ಸುಕ್ಕುಸುಕ್ಕು. ಅವರ ಕಡೆ ಇದಕ್ಕೆ ರಾಜ ಎನ್ನುತ್ತಾರಂತೆ. ಒಂದು ಕಾಯಿ ಇಡೀ ಮನೆಯ ಅಡುಗೆಗೆ ಸಾಕು, ಅಂಕಲ್, ಸ್ವಲ್ಪ, ಬಹುತ್ ಸ್ವಲ್ಪ, ಎಂದು ಮತ್ತೆ ಮತ್ತೆ ಹೇಳಿದಳು. ನಾನು ಮುದ್ದೆಗೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ಬೆಳೆದ ಮನೆತನದವನು. ಅರ್ಧ ಕಚ್ಚಿದೆ.

ಮೊದಲು ಏನೂ ಆಗಲಿಲ್ಲ. ಏನಮ್ಮ ನಿಮ್ಮ ರಾಜ ಎನ್ನಲು ಬಾಯಿ ತೆರೆದೆ, ತೆರೆದ ಬಾಯಿ ಹಾಗೇ ಉಳಿಯಿತು. ನಾಲಿಗೆ, ಗಂಟಲು, ಕಿವಿ, ಕೂದಲ ಬುಡ ಎಲ್ಲ ಹೊತ್ತಿಕೊಂಡಿತು. ಬಿಕ್ಕಳಿಕೆ ಹತ್ತಿತು. ರತ್ನ ಮೊಸರಿನ ಪಾತ್ರೆ ಹಿಡಿದು ಓಡಿ ಬಂದಳು. ಆ ಗಲಾಟೆಯ ನಡುವೆ ಒಂದು ಕ್ಷಣ, ಉರಿಯ ಹಿಂದಿನಿಂದ, ಏನೋ ಒಂದು ಸುಳಿದು ಹೋಯಿತು. ಹಣ್ಣಿನ ಹಾಗೆ, ಹೂವಿನ ಹಾಗೆ. ಬಂತು ಬಂತು ಎಂದು ನಾನು ಕೂಗಿದೆ. ರತ್ನ ಮೊಸರನ್ನು ಕೆಳಗಿಟ್ಟು, ತೊಟ್ಟಿಲಲ್ಲಿದ್ದ ಮಗುವನ್ನು ಎತ್ತಿ ತಂದು, ನನ್ನ ಮುಖದ ಹತ್ತಿರ ಹಿಡಿದಳು. ನಾನು ಎಳೆದುಕೊಂಡೆ. ಇರಲಿಲ್ಲ.

ಸುಳಿದದ್ದು ನಿಜವೋ ನನ್ನ ಆಸೆಯೋ ಇವತ್ತಿಗೂ ಗೊತ್ತಿಲ್ಲ. ಆ ಕಾಯಿಗೆ ಹಣ್ಣಿನಂಥ ಪರಿಮಳ ಇರುವುದು ನಿಜವಂತೆ, ಅಸೆನ್ಲಾ ಹೇಳಿದಳು. ನನಗೆ ಅಷ್ಟು ಸಾಕಾಯಿತು. ಒಳದಾರಿಯಲ್ಲಿ ಹೋದರೆ ಎಲ್ಲೋ ಒಂದು ಕಡೆ ದೊಡ್ಡ ರಸ್ತೆಗೆ ಸೇರುತ್ತದೆ ಎಂದು ಗಟ್ಟಿಯಾಯಿತು. ಉಳಿದರ್ಧ ಕಾಯಿಯ ಬೀಜ ತೆಗೆದು ಸಸಿ ಮಾಡಿದೆ. ಸ್ಯಾನಿಟರಿ ಅಂಗಡಿಯವನ ಮನೆಯಲ್ಲಿ ಕುಂಡಕ್ಕೇನು ಬರ? ಬಿರುಕು ಬಿಟ್ಟ ವಾಷ್ ಬೇಸಿನ್ನು, ಮೂಲೆ ಒಡೆದ ಫ್ಲಶ್ ಟ್ಯಾಂಕು, ಒಂದೆರಡು ಕಮೋಡು, ಎಲ್ಲಕ್ಕೂ ಮಣ್ಣು ತುಂಬಿ ತಾರಸಿಯ ಮೇಲೆ ಸಾಲಾಗಿ ಇಟ್ಟೆ. ಗಿಡಗಳು ಚೆನ್ನಾಗಿಯೇ ಬಂದವು. ನೋಡಿದವರು ಮೆಣಸಿನಕಾಯಿ ಕೇಳುತ್ತಿದ್ದರು, ಕುಂಡ ನೋಡಿದ ಮೇಲೆ ಬೇಡ ಎನ್ನುತ್ತಿದ್ದರು.

ಕಾಯಿ ಬರುವುದು ಒಂದು ಕಾಲಕ್ಕೆ, ನನಗೆ ಬೇಕಾದದ್ದು ದಿನಾ. ಅದಕ್ಕೇ ಸಾಸು. ನಮ್ಮವರು ಉಪ್ಪಿನಕಾಯಿ ಹಾಕುತ್ತಾರೆ, ಚಟ್ನಿ ಅರೆಯುತ್ತಾರೆ, ಇದು ಎರಡೂ ಅಲ್ಲ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಕಾಯಿ ಸೀಳಬೇಕು, ಬೆಳ್ಳುಳ್ಳಿ ಸೇರಿಸಬೇಕು, ಉಪ್ಪುನೀರಿನಲ್ಲಿ ಮುಳುಗಿಸಿ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಬೇಕು. ಒಂದೆರಡು ವಾರ ಅದು ಗುಳುಗುಳು ಎನ್ನುತ್ತ ಹುಳಿ ಬರುತ್ತದೆ. ಆಮೇಲೆ ವಿನೆಗರ್ ಹಾಕಿ ಮಿಕ್ಸಿಯಲ್ಲಿ ತಿರುವಿ ಸೋಸಿ ಬಾಟಲಿಗೆ ತುಂಬುವುದು. ಇದರ ದೊಡ್ಡ ಗುಣವೆಂದರೆ ಒಲೆ ಬೇಡ. ಹಾಲು ಉಕ್ಕಿ ಒಲೆ ಆರಿ ಗ್ಯಾಸು ಮನೆ ತುಂಬುತ್ತಿದ್ದಾಗ ನಾನು ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದು, ತೊಟ್ಟಿಲಲ್ಲಿ ಮಗು ಇದ್ದದ್ದು, ರತ್ನ ಹೊರಗಿಂದ ಬಂದು ಕಿರುಚಿದ್ದು, ಇಷ್ಟೆಲ್ಲ ಆದ ಮೇಲೆ ನನಗೆ ಅಡುಗೆಮನೆ ಕಡೆ ತಲೆ ಹಾಕಬಾರದೆಂದು ಆಜ್ಞೆಯಾಗಿತ್ತು.

ಭರಣಿಯ ಬಾಯಿಗೆ ನನ್ನ ಹಳೆಯ ಚೌಕುಳಿ ಟವೆಲ್ಲು. ಕೆಲಸ ಮಾಡುವಾಗ ಹೆಗಲ ಮೇಲಿರುತ್ತಿತ್ತು, ಮುಗಿದ ಮೇಲೆ ಭರಣಿಗೆ ಕಟ್ಟುತ್ತಿದ್ದೆ. ಎಷ್ಟು ಒಗೆದರೂ ಅದರ ಘಾಟು ಹೋಗುವುದಿಲ್ಲ ಎಂದು ರತ್ನ ಅದನ್ನು ಬೇರೆ ಬಟ್ಟೆಗಳ ಜೊತೆ ನೆನೆಸುತ್ತಿರಲಿಲ್ಲ.

ಮೊದಲ ಸಲ ಹಾಕಿದ್ದರ ಕತೆ ನಂಜುಂಡಪ್ಪನವರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಹುಳಿ ಬರುವುದಕ್ಕೂ ಕೊಳೆಯುವುದಕ್ಕೂ ನಡುವೆ ಇರುವ ಗೆರೆಯನ್ನು ಮೂಗೇ ಹೇಳಬೇಕು. ನನ್ನ ಮೂಗು ಏನು ಹೇಳೀತು? ಉಪ್ಪು ಕಡಿಮೆಯಾಗಿತ್ತೋ ಏನೋ, ಭರಣಿ ಕೊಳೆಯಿತು. ಆ ವಾರ ರತ್ನ ಮಗುವಿನ ಜೊತೆ ನಾಗಸಂದ್ರಕ್ಕೆ ಹೋಗಿದ್ದಳು, ಅಸೆನ್ಲಾ ಊರಿಗೆ ಹೋಗಿದ್ದಳು. ಬೆಳಿಗ್ಗೆ ನಂಜುಂಡಪ್ಪನವರು ಗೇಟಿಗೆ ಬಂದು, ಎಲ್ಲೋ ಒಳಚರಂಡಿ ಚೇಂಬರು ಕಟ್ಟಿಕೊಂಡು ಒಡೆದಿದೆ, ತಲೆ ಸಿಡೀತಾ ಇದೆ, ನೀವು ಆ ಲೈನಿನವರು, ಸ್ವಲ್ಪ ನೋಡಿ ಎಂದರು. ನನ್ನ ಕಸುಬಿಗೆ ಸಂದ ಗೌರವ ಎಂದು ಖುಷಿಯಿಂದ ಪಂಚೆ ಮೇಲೆ ಕಟ್ಟಿ, ಕಬ್ಬಿಣದ ಸಲಾಕೆ ಹಿಡಿದು ಹೊರಟೆ. ಬೀದಿಯ ಒಂದೊಂದೇ ಚೇಂಬರಿನ ಮುಚ್ಚಳ ಎತ್ತಿಸಿ ಬಗ್ಗಿ ನೋಡಿದೆ. ನೀರು ಸರಾಗವಾಗಿ ಹೋಗುತ್ತಿತ್ತು. ನಾನು ಎಲ್ಲಿ ನಿಂತರೆ ಅಲ್ಲಿ ವಾಸನೆ ಜಾಸ್ತಿ ಎಂದು ಜನ ಹೇಳತೊಡಗಿದರು. ಕೊನೆಗೆ ನಂಜುಂಡಪ್ಪನವರು ಬೆಳಿಗ್ಗೆ ಭರಣಿ ನೋಡಲು ಬಿಚ್ಚಿ ನಾನು ಹೆಗಲಿಗೆ ಹಾಕಿಕೊಂಡಿದ್ದ ಟವೆಲ್ಲಿನ ಹತ್ತಿರ ಮೂಗು ತಂದು, ಎರಡು ಹೆಜ್ಜೆ ಹಿಂದೆ ಸರಿದು, ನಮ್ಮ ತಾರಸಿಯ ಕಡೆ ಕೈ ತೋರಿಸಿದರು.

ಆಮೇಲೆ ಸಾಸಿಗೆ ಒಂದು ಮೂಗು ಬೇಕೇಬೇಕೆಂದು ಗೊತ್ತಾಯಿತು. ಮೊದಮೊದಲು ಅಸೆನ್ಲಾಳ ಮೂಗು. ಅವಳಿಗೆ ಮದುವೆ ಗೊತ್ತಾಗಿ ದಿಮಾಪುರಕ್ಕೆ ಹೊರಟುಹೋದ ಮೇಲೆ ಸ್ವಲ್ಪ ಕಾಲ ರತ್ನನ ಮೂಗು, ಬೈಗುಳದ ಸಮೇತ. ಇಂಚರ ಮಾತು ಕಲಿತು ತಾರಸಿ ಮೆಟ್ಟಿಲು ಹತ್ತುವಂತಾದ ಮೇಲೆ ಅವಳದೇ. ಭರಣಿಯನ್ನು ಅವಳಿಂದ ಮಾರು ದೂರದಲ್ಲಿಟ್ಟು ಟವೆಲ್ಲು ಬಿಚ್ಚುತ್ತಿದ್ದೆ. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕತ್ತು ಮುಂದಕ್ಕೆ ಚಾಚಿ ಮೂಸಿ ತೀರ್ಪು ಹೇಳುತ್ತಿದ್ದಳು. ಇವತ್ತು ದೋಸೆ ಹಿಟ್ಟಿನ ತರ. ಇವತ್ತು ಸೇಬಿನ ಹಣ್ಣು. ಇವತ್ತು ಕೋಪ ಬಂದಿದೆ, ಮುಚ್ಚು. ಕೋಪ ಬಂದ ದಿನ ಮಿಕ್ಸಿಗೆ ಹಾಕಿದರೆ ಸಾಸು ಸರಿಯಾಗಿ ಬರುತ್ತಿತ್ತು.

ಹಾಗೆಯೇ ಬೇರೆ ವಾಸನೆಗಳನ್ನೂ ಅವಳಿಂದ ಕೇಳುವ ಅಭ್ಯಾಸ ಹತ್ತಿತು. ಮೊದಲ ಮಳೆ ಬಿದ್ದರೆ ಹೇಗಿದೆ ಎಂದು ಕೇಳುವುದು. ತಣ್ಣಗಿದೆ, ಹೊಸ ಮಡಕೆ ತರ ಇದೆ ಎನ್ನುತ್ತಿದ್ದಳು. ಅಮ್ಮನ ತಲೆ? ಎಣ್ಣೆ, ಮತ್ತೆ ನಿದ್ದೆ. ಅಂಗಡಿ? ಸ್ಲೇಟು. ಚಿಕ್ಕಜಾಲದಿಂದ ಅವರೆಕಾಯಿ ಬಂದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಾಯಿಯ ಅಂಟನ್ನು ಅವಳ ಬೆರಳಿಗೆ ಹಚ್ಚಿ, ಹೇಳು ಮಗಳೇ, ಸರಿಯಾಗ್ ಹೇಳು, ಎಂದೆ. ಅವಳು ತುಂಬ ಹೊತ್ತು ಮೂಸಿದಳು. ಸೋತ ಮುಖ ಮಾಡಿಕೊಂಡು, "ಅವರೆಕಾಯಿ ಅವರೆಕಾಯಿ ತರಾನೇ ಇದೆಯಪ್ಪ," ಎಂದಳು. ಸರಿಯಾದ ಮಾತು. ನಾನು ಅವಳ ನೆತ್ತಿಗೆ ಮೂಗು ಒತ್ತಿ ಕೂತೆ. ನೀನು ಯಾವ ತರ ಇದ್ದೀಯೆ ಎಂದು ಕೇಳಲು ಬಾಯಿಗೆ ಬಂದಿತ್ತು. ಮಗುವಿಗೆ ತನ್ನ ವಾಸನೆ ತನಗೆ ಗೊತ್ತಿರುತ್ತದೆಯೆ? ಕೇಳಲಿಲ್ಲ.

ಪ್ರತಿ ಸಲ ಹೊಸ ಬಾಟಲಿ ತೆರೆದ ದಿನ ನಮ್ಮ ಮನೆಯಲ್ಲಿ ಒಂದು ಶಾಸ್ತ್ರ ನಡೆಯುತ್ತಿತ್ತು. ಅನ್ನಕ್ಕೆ ಸಾಸು ಕಲಸಿ, ಕಣ್ಣಲ್ಲಿ ನೀರು ಸುರಿಯುವವರೆಗೆ ತಿಂದು, ಉರಿ ನೆತ್ತಿಗೇರಿದಾಗ ಇಂಚರಳನ್ನು ಕರೆಯುತ್ತಿದ್ದೆ. ಅವಳು ಓಡಿ ಬಂದು ತಲೆ ಬಗ್ಗಿಸಿ ನಿಲ್ಲುತ್ತಿದ್ದಳು. ನಾನು ಮೂಸುತ್ತಿದ್ದೆ. ಅದೇನು ಆಟ ಎಂದು ಅವಳು ಕೇಳಲೇ ಇಲ್ಲ, ಎಲ್ಲ ಅಪ್ಪಂದಿರೂ ಹೀಗೆಯೇ ಎಂದುಕೊಂಡಿರಬೇಕು. ರತ್ನ ಪಾತ್ರೆ ತೊಳೆಯುವ ನಲ್ಲಿಯನ್ನು ನಿಲ್ಲಿಸಿ ಕಾಯುತ್ತಿದ್ದಳು. ನಾನು ಮತ್ತೆ ಅನ್ನಕ್ಕೆ ಕೈ ಹಾಕಿದ ಮೇಲೆ ನಲ್ಲಿ ಮತ್ತೆ ಶುರುವಾಗುತ್ತಿತ್ತು.

ವರ್ಷಗಳು ಹೀಗೆ ಹೋದವು. ಮಗಳ ತಲೆ ನನ್ನ ಎದೆಯ ಮಟ್ಟಕ್ಕೆ ಬಂತು. ನಾಗಸಂದ್ರಕ್ಕೆ ಮೆಟ್ರೋ ಬಂತು. ನನ್ನ ಹೊಟ್ಟೆಗೆ ಹುಣ್ಣೂ ಬಂತು. ಹೊಟ್ಟೆಯ ಡಾಕ್ಟರು ನನ್ನ ಸಾಸಿನ ವಿವರ ಕೇಳಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಮೂಗಿನ ಡಾಕ್ಟರ ಹತ್ತಿರವೂ ಕೊನೆಯ ಸಲ ಹೋಗಿ ಬಂದೆ. ಇಷ್ಟು ವರ್ಷ ಆದ ಮೇಲೆ ಇನ್ನು ಬರುವುದಿಲ್ಲ ಎಂದು ಅವರು ಮೊದಲ ಸಲ ನೇರವಾಗಿ ಹೇಳಿದರು. ಎಳೆಮಗುವಿನ ವಾಸನೆ ಹೇಗೂ ಎಂದೋ ಹೋಗಿರುತ್ತದೆ, ದೊಡ್ಡವರಾಗುತ್ತ ಅದು ನಿಲ್ಲುವುದಿಲ್ಲವಂತೆ, ಎಂದು ನಾನೇ ನನಗೆ ಹೇಳಿಕೊಂಡೆ. ಮನೆಗೆ ಬಂದು ರತ್ನನಿಗೆ, ಈ ಸಲ ಭರಣಿ ಹಾಕಲ್ಲ, ಗಿಡ ಎಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಎಂದೆ. ಸಾಸು ಬಿಡಿ ಎಂದು ವರ್ಷಗಟ್ಟಲೆ ಬೈದವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಸರಿ ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದು ಈ ವರ್ಷದ ಬೇಸಿಗೆ ರಜ. ಇಂಚರ ಚಿಕ್ಕಜಾಲಕ್ಕೆ ಅಜ್ಜಿಯ ಮನೆಗೆ ಹೋಗಿದ್ದಳು. ಅಪ್ಪ ಅಮ್ಮನ ಬಿಟ್ಟು ಅವಳೊಬ್ಬಳೇ ಉಳಿಯಲು ಹೋಗಿದ್ದು ಅದೇ ಮೊದಲು. ನಾನು ತಾರಸಿಯಲ್ಲಿ ಗಿಡಗಳಿಗೆ ಕಡೆಯ ನೀರು ಹಾಕುತ್ತಿದ್ದೆ. ಕಾಯಿ ಕೆಂಪಾಗಿ ತೂಗುತ್ತಿದ್ದವು. ಭರಣಿಯನ್ನು ತೊಳೆದು ಬೋರಲು ಹಾಕಿದ್ದೆ. ಟವೆಲ್ಲು ಎಲ್ಲಿಟ್ಟೆನೋ ಸಿಕ್ಕಿರಲಿಲ್ಲ. ಇನ್ನು ಅದರಿಂದ ಏನಾಗಬೇಕು ಎಂದು ಹುಡುಕಿಯೂ ಇರಲಿಲ್ಲ. ಅಮ್ಮನ ಫೋನು ಬಂತು.

"ನಿನ್ ಮಗ್ಳು ಆ ಕಾರದ್ ಟವಲ್ಲು ಬ್ಯಾಗಲ್ಲಿ ಇಟ್ಕೊಂಡ್ ಬಂದವ್ಳೆ ಕಣ್ಲಾ," ಎಂದಳು. "ದಿಂಬಿನ್ ಮ್ಯಾಲೆ ಆಕ್ಕೊಂಡು ಮಲಗ್ತಾಳೆ. ಆ ಗಾಟಿಗೆ ನಂಗೆ ಸೀನೋ ಸೀನು. ಕೊಡವ್ವ, ಸೋಡಾ ಆಕಿ ಕುದ್ಸಿ ಒಗ್ದುಕೊಡ್ತೀನಿ ಅಂದ್ರೆ, ಬ್ಯಾಡ ಅಂತ ಅಳ್ತಾಳೆ. ಅಪ್ಪನ್ ವಾಸ್ನೆ ಒಂಟೋಯ್ತದಂತೆ."

ನಾನು ಕಮೋಡಿನ ಅಂಚಿನ ಮೇಲೆ ಕೂತೆ, ಗಿಡಕ್ಕೆ ಪೆಟ್ಟಾಗದ ಹಾಗೆ. ಅಮ್ಮ ಆ ಕಡೆಯಿಂದ ಕೇಳುತ್ತಲೇ ಇದ್ದಳು, ಒಗೀಲಾ, ಬ್ಯಾಡ್ವಾ, ಏನ್ ಮಾಡ್ಲಿ ಏಳು.

"ಒಗೀಬೇಡಮ್ಮ," ಎಂದೆ. "ಹಾಗೇ ಇರ್ಲಿ."

ಫೋನು ಇಟ್ಟ ಮೇಲೆ ಬೋರಲು ಹಾಕಿದ್ದ ಭರಣಿಯನ್ನು ನೆಟ್ಟಗೆ ಮಾಡಿದೆ. ಕೆಳಗೆ ಹೋಗಿ ಉಪ್ಪು, ಬೆಳ್ಳುಳ್ಳಿ, ಕೈಗೆ ಕಟ್ಟಲು ಕವರು ತಂದೆ. ಹೊಟ್ಟೆ ಹುಣ್ಣಿನವನು ಇದನ್ನು ತಿನ್ನುವಂತಿಲ್ಲ, ತಿನ್ನುವುದೂ ಇಲ್ಲ ಎಂದು ರತ್ನನಿಗೆ ಮಾತು ಕೊಟ್ಟೆ. ಮತ್ತೆ ಯಾಕೆ ಎಂದಳು. ಅಮ್ಮ ಹೇಳಿದ್ದನ್ನು ಹೇಳಿದೆ. ಅವಳು ತನ್ನ ಒಂದು ಹಳೆಯ ಟವೆಲ್ಲು ತಂದು ನನ್ನ ಹೆಗಲ ಮೇಲೆ ಹಾಕಿ, ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸತೊಡಗಿದಳು.

ಕಾಯಿ ಸೀಳಿ ಮುಗಿಸಿ, ಭರಣಿಗೆ ಬಟ್ಟೆ ಕಟ್ಟಿದ ಮೇಲೆ, ರತ್ನ ಕೆಳಗೆ ಇಳಿದು ಹೋದಳು. ನಾನು ಒಬ್ಬನೇ ಇದ್ದೆ. ಬನಿಯನ್ನನ್ನು ಕತ್ತಿನ ಹತ್ತಿರ ಹಿಡಿದೆಳೆದು ಮೂಗಿಗಿಟ್ಟುಕೊಂಡು ಎದೆ ತುಂಬ ಎಳೆದುಕೊಂಡೆ. ಏನೂ ಇರಲಿಲ್ಲ. ಇದೆಯಂತೆ.